ಮೂರು ವರ್ಷವೋ, ಮೂವತ್ತು ವರ್ಷವೋ?

ನಮ್ಮ ಕಸುಬಿನವರು ಮರೆಯಬಾರದ ಒಂದು ಕಥೆ ಇದೆ. 2005ರ ಏಪ್ರಿಲ್. ಅಮೆರಿಕದ ಸಿಎನ್‌ಎನ್ ಚಾನೆಲ್‌ನಲ್ಲಿ ಲೂ ಡಾಬ್ಸ್ ಅನ್ನೋ ಜನಪ್ರಿಯ ಆ್ಯಂಕರ್‌ನ ಕಾರ್ಯಕ್ರಮ. ವಿಷಯ, ಅಕ್ರಮ ವಲಸೆ. ಮಾತಿನ ನಡುವೆ ಆ ಕಾರ್ಯಕ್ರಮದ ವರದಿಗಾರ್ತಿ ಒಂದು ಅಂಕಿ ಹೇಳಿದರು. ಅಮೆರಿಕದಲ್ಲಿ ನಲವತ್ತು ವರ್ಷ ಕುಷ್ಠರೋಗದ ಪ್ರಕರಣ ಸುಮಾರು 900 ಇತ್ತಂತೆ. ಕಳೆದ ಮೂರೇ ಮೂರು ವರ್ಷದಲ್ಲಿ 7,000 ಆಗಿದೆಯಂತೆ! ಲಕ್ಷಾಂತರ ಜನ ಟಿವಿ ಮುಂದೆ ಕೂತು ಕೇಳಿದರು. ಮೆಕ್ಸಿಕೋ ಗಡಿ ದಾಟಿ ಬರೋ ಕೂಲಿಯವನ ಜೊತೆ ಬೈಬಲ್ ಕಾಲದ ರೋಗವೂ ಬರ್ತಿದೆ ಅಂತ ನಂಬಿದರು.

ಎರಡು ವರ್ಷ ಆದಮೇಲೆ, 2007ರಲ್ಲಿ, ಸಿಬಿಎಸ್ ಚಾನೆಲ್‌ನ ‘60 ಮಿನಿಟ್ಸ್’ ಕಾರ್ಯಕ್ರಮ ಈ ಅಂಕಿಯನ್ನ ಪ್ರಶ್ನೆ ಮಾಡಿತು. ಆಮೇಲೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯೂ ಲೆಕ್ಕ ತೆಗೆದು ನೋಡಿತು. 7,000 ಅನ್ನೋ ಸಂಖ್ಯೆ ಹುಸಿ ಅಲ್ಲ, ದಾಖಲೆಯಲ್ಲಿ ಇತ್ತು. ಆದರೆ ಅದು ಮೂರು ವರ್ಷದ್ದಲ್ಲ, ಮೂವತ್ತು ವರ್ಷದ್ದು! ಅತಿ ಹೆಚ್ಚು ಪ್ರಕರಣ ಸಿಕ್ಕಿದ ವರ್ಷ 1983, ಆ ವರ್ಷ 456. ಅಲ್ಲಿಂದ ಇಳೀತಾ ಬಂದು 2000ದಲ್ಲಿ ಬರೀ 76. 2006ರಲ್ಲಿ 137. ಡಾಬ್ಸ್ ಮಾತ್ರ ಸುಲಭಕ್ಕೆ ಸೋಲೊಪ್ಪಲಿಲ್ಲ. ನಮ್ಮ ಕಾರ್ಯಕ್ರಮದಲ್ಲಿ ಹೇಳಿದ್ದೀವಿ ಅಂದಮೇಲೆ ಅದು ನಿಜವೇ ಅನ್ನೋ ಧಾಟಿಯಲ್ಲಿ ಮಾತಾಡಿದ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಮೊದಲ ಸೆಮಿಸ್ಟರ್‌ನಲ್ಲೇ ಒಂದು ಪಾಠ ಬಾಸುಂಡೆ ಬರೋ ಹಾಗೆ ಕಲಿಸ್ತಾರೆ. ಉತ್ತರದ ಅಂಕಿ ಸರಿ ಇದ್ದು ಯುನಿಟ್ ತಪ್ಪಾದರೆ ಮಾರ್ಕ್ಸ್ ಇಲ್ಲ. ಮೀಟರ್ ಬರೆಯೋ ಕಡೆ ಮಿಲಿಮೀಟರ್ ಬರೆದರೆ ಸೇತುವೆ ನಿಲ್ಲಲ್ಲ. ಟಿವಿಯಲ್ಲಿ ಯುನಿಟ್ ತಪ್ಪಾದರೆ ಬೀಳೋದು ಸೇತುವೆ ಅಲ್ಲ, ಮನುಷ್ಯ. ಯಾರೋ ಒಬ್ಬನಿಗೆ ಬಾಡಿಗೆ ಮನೆ ಸಿಗಲ್ಲ, ಕೆಲಸ ಸಿಗಲ್ಲ, ಹೋಟೆಲಿನಲ್ಲಿ ಒಂದು ಲೋಟ ನೀರು ಸಿಗಲ್ಲ.

ಅಮೆರಿಕದ ಹಳೇ ಕಥೆ ಮೈಸೂರಿನಲ್ಲಿ ಕೂತು ಯಾಕೆ ಹೇಳ್ತಿದ್ದೀನಿ? ಕಾರಣ ಇದೆ. ಜನವರಿ 30 ಹತ್ತಿರ ಬಂದು, ಕುಷ್ಠರೋಗದ ಜಾಗೃತಿ ಅಭಿಯಾನ ಅಂತ ಸುದ್ದಿ ಓದಿದರೆ ಸಾಕು, ನನ್ನ ಮೊಬೈಲ್‌ಗೆ ಒಂದೇ ತರದ ಮೆಸೇಜುಗಳು ಬರ್ತವೆ. ‘ಸಾರ್, ನಮ್ಮಲ್ಲಿ ಈ ರೋಗ ಹೋಗಿತ್ತು. ಈಗ ಹೊರಗಿನವರು ತರ್ತಿದ್ದಾರೆ. ಇದನ್ನ ಯಾಕೆ ತೋರಿಸ್ತಿಲ್ಲ?’ ಹೊರಗಿನವರು ಅಂದ್ರೆ ಯಾರು? ಬಿಹಾರದ ದರ್ಭಂಗಾದಿಂದ ಬಾಗ್ಮತಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ ಬಂದು ಇಳಿಯೋರು. ರಿಂಗ್ ರಸ್ತೆ ಆಚೆ ಕಟ್ಟಡಕ್ಕೆ ಸೆಂಟ್ರಿಂಗ್ ಹೊಡೆಯೋರು. ಹೆಬ್ಬಾಳ, ಕೂರ್ಗಳ್ಳಿ, ಕಡಕೊಳ, ನಂಜನಗೂಡಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡೋರು. ನಾವು ಊಟ ಮಾಡೋ ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜೋರು.

ಈ ಮೆಸೇಜು ಪೂರ್ತಿ ಸುಳ್ಳು ಅಂತ ತಳ್ಳಿಹಾಕೋಕೆ ಆಗಲ್ಲ. ಕುಷ್ಠರೋಗ ಇವತ್ತಿಗೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 80 ಸಾವಿರ ಹೊಸಬರಲ್ಲಿ ಪತ್ತೆಯಾಗುತ್ತೆ. ಅದರಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಭಾರತದವರು. ಆದರೆ ಭಾರತದೊಳಗೆ ಅದು ಸಮನಾಗಿ ಹಂಚಿಹೋಗಿಲ್ಲ. ಛತ್ತೀಸ್‌ಗಢ, ಜಾರ್ಖಂಡ್, ಬಿಹಾರ, ಒಡಿಶಾದಂಥ ರಾಜ್ಯಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ ಕಡಿಮೆ. ಅಂದ್ರೆ ಈ ಒಂದು ವಿಷಯದಲ್ಲಿ ಬಿಹಾರಕ್ಕೆ ನಾವು ಹೇಗೋ, ಭಾರತಕ್ಕೆ ಅಮೆರಿಕ ಹಾಗೆ. ಕಡಿಮೆ ರೋಗ ಇರೋ ಜಾಗಕ್ಕೆ ಹೆಚ್ಚು ರೋಗ ಇರೋ ಜಾಗದಿಂದ ಜನ ಬಂದರೆ ಏನಾಗುತ್ತೆ? ಈ ಪ್ರಶ್ನೆಯನ್ನ ಚರಿತ್ರೆ ಬಹಳ ಸಲ ಕೇಳಿದೆ, ಉತ್ತರವನ್ನೂ ಕೊಟ್ಟಿದೆ. ಆ ಉತ್ತರ ಹುಡುಕೋಕೆ ಮೊದಲು ನಾರ್ವೆಗೆ ಹೋಗಬೇಕು.

ಹೌದು, ನಾರ್ವೆ! ಇವತ್ತು ನೆಮ್ಮದಿಯ ದೇಶಗಳ ಪಟ್ಟಿಯಲ್ಲಿ ಮೇಲೆ ಕೂರೋ ದೇಶ 19ನೇ ಶತಮಾನದಲ್ಲಿ ಯುರೋಪಿನ ಕುಷ್ಠರೋಗದ ತವರಾಗಿತ್ತು. ಪಶ್ಚಿಮ ಕರಾವಳಿಯ ಬಡ ರೈತರು, ಮೀನುಗಾರರಲ್ಲಿ ರೋಗ ಎಷ್ಟು ಹಬ್ಬಿತ್ತು ಅಂದ್ರೆ, 1856ರಲ್ಲಿ ಸರ್ಕಾರ ಇಡೀ ದೇಶದ ರೋಗಿಗಳ ಹೆಸರು ಬರೆದಿಡೋ ದಾಖಲೆ ಪುಸ್ತಕವನ್ನೇ ಶುರು ಮಾಡಿತು. ಒಂದು ರೋಗಕ್ಕೆ ಅಂತ ಜಗತ್ತಿನಲ್ಲಿ ಹುಟ್ಟಿದ ಮೊದಲ ರಾಷ್ಟ್ರೀಯ ದಾಖಲೆ ಅದು. ಇದು ವಂಶದಿಂದ ಬರೋ ರೋಗ ಅಂತ ಆಗಿನ ದೊಡ್ಡ ಡಾಕ್ಟರುಗಳು ನಂಬಿದ್ದರು. ಬರ್ಗೆನ್ ನಗರದ ಗೆರ್ಹಾರ್ಡ್ ಆರ್ಮವರ್ ಹ್ಯಾನ್ಸೆನ್ ಅನ್ನೋ ಯುವ ಡಾಕ್ಟರ್ ನಂಬಲಿಲ್ಲ. 1873ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಡ್ಡಿಯಾಕಾರದ ರೋಗಾಣುವನ್ನ ಕಂಡ. ಪಾಪದ ಫಲ, ರಕ್ತದ ದೋಷ ಅನ್ನಿಸಿಕೊಂಡಿದ್ದ ರೋಗಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ಗೊತ್ತಾಗಿದ್ದು ಆಗ.

ಅದೇ ಕಾಲದಲ್ಲಿ ನಾರ್ವೆಯ ಬಡವರು ಸಾವಿರ ಸಾವಿರ ಸಂಖ್ಯೆಯಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಗುಳೆ ಹೋಗ್ತಿದ್ದರು. ಮಿನೆಸೋಟ, ವಿಸ್ಕಾನ್ಸಿನ್, ಡಕೋಟ ಕಡೆ ಹೋಗಿ ಹೊಲ ಮಾಡ್ತಿದ್ದರು. ಅವರ ಜೊತೆ ನೂರಕ್ಕೂ ಹೆಚ್ಚು ಕುಷ್ಠರೋಗಿಗಳೂ ಹೋಗಿದ್ದರು. ಅಮೆರಿಕನ್ನರಿಗೆ ಗಾಬರಿ. ನಮ್ಮ ದೇಶಕ್ಕೆಲ್ಲ ಅಂಟಿಸಿಬಿಡ್ತಾರೆ ಅಂತ. 1888ರಲ್ಲಿ ಹ್ಯಾನ್ಸೆನ್ ತಾನೇ ಹೊರಟ. ಹಳ್ಳಿ ಹಳ್ಳಿ ತಿರುಗಿ ಆ ರೋಗಿಗಳನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಹುಡುಕಿದ. ಹೋದ ರೋಗಿಗಳಲ್ಲಿ ಬಹಳ ಮಂದಿ ಆಗಲೇ ತೀರಿಹೋಗಿದ್ದರು. ಅವರ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಒಬ್ಬರಲ್ಲೂ ಅವನಿಗೆ ಕುಷ್ಠ ಕಾಣಲಿಲ್ಲ.

ಇದರಿಂದ ಎರಡು ವಿಷಯ ಗೊತ್ತಾಯ್ತು. ಒಂದು, ರೋಗ ವಂಶದಿಂದ ಬರಲ್ಲ. ಎರಡು, ನಮಗೆ ಇವತ್ತು ಬೇಕಾಗಿರೋದು: ರೋಗಿ ಬಂದ ಮಾತ್ರಕ್ಕೆ ರೋಗ ಬೇರು ಬಿಡಲ್ಲ. ಒಂದೇ ಕೋಣೆಯಲ್ಲಿ ಹತ್ತು ಜನ, ಅರೆಹೊಟ್ಟೆ, ಚಿಕಿತ್ಸೆ ಇಲ್ಲದ ವರ್ಷಗಳು, ಇವೆಲ್ಲ ಸೇರಿದ ಕಡೆ ಅದು ನೆಲೆ ನಿಲ್ಲುತ್ತೆ. ನಾರ್ವೆಯ ಗುಡಿಸಲಿನಲ್ಲಿ ಹಬ್ಬಿದ್ದು ಮಿನೆಸೋಟದ ಹೊಲದ ಮನೆಯಲ್ಲಿ ಹಬ್ಬಲಿಲ್ಲ. ಮನುಷ್ಯರು ಅವರೇ, ಬದುಕು ಬೇರೆ.

ಹ್ಯಾನ್ಸೆನ್‌ನನ್ನ ದೇವರು ಮಾಡೋದು ಬೇಡ. ರೋಗ ಹೇಗೆ ಅಂಟುತ್ತೆ ಅಂತ ತೋರಿಸೋ ಹಟದಲ್ಲಿ ಒಬ್ಬ ಹೆಣ್ಣುಮಗಳ ಕಣ್ಣಿಗೆ ಅವಳ ಒಪ್ಪಿಗೆ ಕೇಳದೆ ರೋಗದ ಅಂಶ ಚುಚ್ಚಿದ. 1880ರಲ್ಲಿ ಕೋರ್ಟು ಅವನನ್ನ ಆಸ್ಪತ್ರೆಯ ಹುದ್ದೆಯಿಂದ ತೆಗೆಯಿತು. ರೋಗಿಗೂ ಹಕ್ಕಿದೆ ಅನ್ನೋ ಮಾತು ಆ ಕಾಲದಲ್ಲೇ ಒಂದು ನ್ಯಾಯಾಲಯದಲ್ಲಿ ನಿಂತಿತು. ಅದೂ ಈ ಚರಿತ್ರೆಯ ಭಾಗ.

ಆದರೆ ಜಗತ್ತು ಹ್ಯಾನ್ಸೆನ್ ಮಿನೆಸೋಟದಲ್ಲಿ ಕಂಡದ್ದನ್ನ ಕೇಳಲಿಲ್ಲ. ಹವಾಯಿ ದ್ವೀಪಗಳನ್ನ ನೋಡಿ. ಅಲ್ಲಿ ಸ್ಥಳೀಯರು ಕುಷ್ಠರೋಗಕ್ಕೆ ಇಟ್ಟ ಹೆಸರೇ ‘ಚೀನೀ ರೋಗ’. 1866ರಿಂದ ರೋಗಿಗಳನ್ನ ಮೊಲೊಕಾಯ್ ದ್ವೀಪದ ಕಲಾವ್‌ಪಾಪಾ ಅನ್ನೋ ಮೂಲೆಗೆ ಸಾಗಿಸಿದರು. ಒಂದು ಕಡೆ ಕಡಿದಾದ ಬೆಟ್ಟ, ಮಿಕ್ಕ ಕಡೆ ಸಮುದ್ರ. ನೂರು ವರ್ಷದಲ್ಲಿ ಸುಮಾರು 8,000 ಜನ ಅಲ್ಲಿಗೆ ಹೋದರು. ಹೆಸರು ಚೀನೀ ರೋಗ, ಹೋದವರಲ್ಲಿ ಬಹುಪಾಲು ಹವಾಯಿಯ ಮೂಲನಿವಾಸಿಗಳೇ! ಅವರ ಸೇವೆಗೆ 1873ರಲ್ಲಿ ಹೋದ ಬೆಲ್ಜಿಯಂನ ಪಾದ್ರಿ ಫಾದರ್ ಡೇಮಿಯನ್‌ಗೂ ರೋಗ ತಗುಲಿ, 1889ರಲ್ಲಿ ತೀರಿಕೊಂಡರು.

ಆ ಒಂದು ಸಾವು ಲಂಡನ್ ನಗರವನ್ನ ಅಲ್ಲಾಡಿಸಿತು. ಬಿಳಿಯನಿಗೂ ಬರುತ್ತಾ ಇದು? ಅದೇ ವರ್ಷ ಅಲ್ಲೊಬ್ಬ ಪಾದ್ರಿ ಕುಷ್ಠರೋಗವನ್ನ ಸಾಮ್ರಾಜ್ಯಕ್ಕೇ ಬಂದ ಅಪಾಯ ಅಂತ ಕರೆದು ಪುಸ್ತಕ ಬರೆದ. ಅಪಾಯ ಎಲ್ಲಿಂದ? ಇಂಡಿಯಾದಿಂದ. ಅಂದ್ರೆ ನಮ್ಮಿಂದ. ಇವತ್ತು ನಾವು ಬಾಗ್ಮತಿ ಎಕ್ಸ್‌ಪ್ರೆಸ್ ನೋಡಿ ಹೇಳೋ ಮಾತನ್ನ ಅವತ್ತು ಲಂಡನ್‌ನವರು ನಮ್ಮ ಹಡಗು ನೋಡಿ ಹೇಳಿದರು. ಚಂದಾ ಎತ್ತಿ ನಿಧಿ ಮಾಡಿ, 1890ರಲ್ಲಿ ಒಂದು ಕುಷ್ಠರೋಗ ಆಯೋಗವನ್ನ ಇಂಡಿಯಾಕ್ಕೆ ಕಳಿಸಿದರು. ಆಯೋಗದವರು ಊರೂರು ಸುತ್ತಿ ವರದಿ ಕೊಟ್ಟರು: ಇದು ಬಹಳ ಕಡಿಮೆ ಅಂಟೋ ರೋಗ, ಸಾಮ್ರಾಜ್ಯಕ್ಕೆ ಅಪಾಯ ಏನೂ ಇಲ್ಲ.

ವರದಿ ಕಪಾಟಿಗೆ ಹೋಯ್ತು, ಭಯ ಕಾಯ್ದೆ ಆಯ್ತು. 1898ರ ಕುಷ್ಠರೋಗಿಗಳ ಕಾಯ್ದೆ. ಬಡ ಕುಷ್ಠರೋಗಿ ಕಂಡರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಸರ್ಕಾರ ಆದೇಶ ಹೊರಡಿಸಿದ ಊರುಗಳಲ್ಲಿ ಕುಷ್ಠರೋಗಿ ತಿಂಡಿ ಮಾಡಿ ಮಾರಬಾರದು, ಬಾಡಿಗೆ ಗಾಡಿ ಹತ್ತಬಾರದು, ಸಾರ್ವಜನಿಕ ಬಾವಿ ಕೆರೆಯಿಂದ ನೀರು ತಗೋಬಾರದು. ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ ಅನ್ನೋದು ನಮ್ಮ ಗಾದೆ. ಈ ಕಾಯ್ದೆ ಊರಿನವರಿಗೇ ನೀರಿಗೆ ಬರಬೇಡಿ ಅಂದಿತು. ಹಿಡಿಯೋ ಅಧಿಕಾರ ಇದ್ದದ್ದು ಬಡ ರೋಗಿಯ ಮೇಲೆ ಮಾತ್ರ ಅನ್ನೋದನ್ನ ಗಮನಿಸಿ. ಬಂಗಲೆಯೊಳಗಿನ ಶ್ರೀಮಂತ ರೋಗಿಯನ್ನ ಪೊಲೀಸರು ಹುಡುಕಿಕೊಂಡು ಹೋಗೋ ಹಾಗಿರಲಿಲ್ಲ. ರೋಗಾಣುವಿಗೆ ಬಡವ ಬಲ್ಲಿದ ಗೊತ್ತಿಲ್ಲ, ಕಾಯ್ದೆಗೆ ಗೊತ್ತಿತ್ತು! ಮೈಸೂರು ಸಂಸ್ಥಾನ ಬ್ರಿಟಿಷರ ನೇರ ಆಡಳಿತದಲ್ಲಿ ಇರಲಿಲ್ಲ, ಆದರೆ ಮಂಗಳೂರು, ಧಾರವಾಡ, ಬೆಳಗಾವಿ ಆಗ ಇದ್ದದ್ದು ಬ್ರಿಟಿಷ್ ಪ್ರಾಂತಗಳಲ್ಲೇ. ಈ ಕಾಯ್ದೆಯನ್ನ ಸ್ವತಂತ್ರ ಭಾರತ ಪುಸ್ತಕದಿಂದ ತೆಗೆದಿದ್ದು ಯಾವಾಗ ಗೊತ್ತಾ? 2016ರಲ್ಲಿ. ಕುಷ್ಠರೋಗದ ಕಾರಣಕ್ಕೆ ಗಂಡನೋ ಹೆಂಡತಿಯೋ ವಿಚ್ಛೇದನ ಕೇಳಬಹುದು ಅನ್ನೋ ನಿಯಮ ಹೋಗಿದ್ದು 2019ರಲ್ಲಿ.

ಅದೇ 1898ರಲ್ಲಿ ನಮ್ಮ ಮೈಸೂರು ಸೀಮೆಗೆ ಬೇರೊಂದು ರೋಗ ಬಂತು. ಪ್ಲೇಗ್. ಮುಂಬೈ ಕಡೆಯಿಂದ ರೈಲಿನ ದಾರಿ ಹಿಡಿದು ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ. ರೈಲು ನಿಲ್ದಾಣದಲ್ಲಿ ತಪಾಸಣೆ, ಊರ ಹೊರಗೆ ಗುಡಿಸಲು, ಮನೆ ಖಾಲಿ ಮಾಡಿಸೋದು ಎಲ್ಲ ನಡೆಯಿತು. ಇಕ್ಕಟ್ಟಿನ ಕೇರಿಗಳನ್ನ ಬಿಡಿಸಿ ಹೊಸ ಬಡಾವಣೆ ಮಾಡಬೇಕು ಅಂತ 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿತು. ನಮ್ಮ ಊರಿನ ಅಗಲ ರಸ್ತೆಗಳ ಹಿಂದೆ ಪ್ಲೇಗಿನ ನೆನಪಿದೆ. ಬಂದವನನ್ನ ನಿಲ್ದಾಣದಲ್ಲೇ ತಡೆಯಬೇಕು ಅನ್ನೋ ನಮ್ಮ ಯೋಚನೆಯೂ ಅಂಥ ಕಾಲದ್ದೇ.

ಪ್ಲೇಗಿಗೆ ಆ ಯೋಚನೆಯಲ್ಲಿ ಅರ್ಥ ಇತ್ತು. ಅದು ಕೆಲವೇ ದಿನದಲ್ಲಿ ಕಾಣಿಸಿಕೊಳ್ಳೋ ರೋಗ. ಕುಷ್ಠಕ್ಕೆ ಅರ್ಥ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಕುಷ್ಠದ ಬ್ಯಾಕ್ಟೀರಿಯಾ ಸೋಮಾರಿ. ಬೇರೆ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯಲ್ಲಿ ಒಂದು ಎರಡಾದರೆ, ಇದಕ್ಕೆ ಸುಮಾರು ಎರಡು ವಾರ ಬೇಕು. ದೇಹದೊಳಗೆ ಸೇರಿದ ಮೇಲೆ ಲಕ್ಷಣ ಕಾಣೋಕೆ ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ. ಮೈಸೂರು ನಿಲ್ದಾಣದಲ್ಲಿ ಇಳಿಯೋ ಹುಡುಗನನ್ನ ಪರೀಕ್ಷೆ ಮಾಡಿದರೆ ಏನು ಸಿಗುತ್ತೆ? ಏನೂ ಸಿಗಲ್ಲ. ಅವನು ಇಲ್ಲೇ ದುಡಿದು, ಇಲ್ಲೇ ಮದುವೆಯಾಗಿ, ಮಗುವನ್ನ ಇಲ್ಲಿನ ಶಾಲೆಗೆ ಸೇರಿಸಿದ ಮೇಲೆ ಒಂದು ದಿನ ಮಚ್ಚೆ ಕಾಣಬಹುದು. ಬಾಗಿಲಲ್ಲಿ ಕಾವಲು ಹಾಕಿ ಹಿಡಿಯೋ ಕಳ್ಳ ಅಲ್ಲ ಇದು.

ಇನ್ನೊಂದು ಮಾತು. ನೂರಕ್ಕೆ ಸುಮಾರು 95 ಜನರ ದೇಹ ಈ ರೋಗಾಣುವನ್ನ ತಾನೇ ಸೋಲಿಸುತ್ತೆ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ತಿಂಗಳುಗಟ್ಟಲೆ ಒತ್ತಾಗಿ ಬದುಕಿದರೆ, ಉಸಿರಿನ ಹನಿಗಳಿಂದ ಹರಡೋ ಸಾಧ್ಯತೆ ಇದೆ. ಕೈ ಕುಲುಕಿದರೆ, ಪಕ್ಕ ಕೂತು ಉಂಡರೆ, ಒಂದೇ ಬಸ್ಸಿನಲ್ಲಿ ಹೋದರೆ ಅಂಟಲ್ಲ. ನಮ್ಮ ಕಡೆ ತೊನ್ನನ್ನೂ ಕುಷ್ಠ ಅಂತಲೇ ತಿಳಿದು ದೂರ ಇಡೋರಿದ್ದಾರೆ. ತೊನ್ನು ರೋಗಾಣುವಿನಿಂದ ಬರೋದೇ ಅಲ್ಲ, ಯಾರಿಗೂ ಅಂಟಲ್ಲ.

ಈಗ ಲೆಕ್ಕಕ್ಕೆ ಬರೋಣ. ‘ಹೊಸ ರೋಗಿಗಳಲ್ಲಿ ಅರ್ಧ ಹೊರಗಿನವರು!’ ಅಂತ ಒಂದು ಹೆಡ್‌ಲೈನ್ ನಿಮಗೆ ಯಾವತ್ತಾದರೂ ಕಾಣಬಹುದು. ನೋಡಿದ ತಕ್ಷಣ ಎದೆ ಝಲ್ ಅನ್ನುತ್ತೆ. ಒಂದು ಸುಲಭ ಉದಾಹರಣೆ ತಗೊಳ್ಳಿ, ಇದು ಅರ್ಥವಾಗಲಿ ಅಂತ ನಾನೇ ಹಾಕಿದ ಲೆಕ್ಕ. ಒಂದು ಜಿಲ್ಲೆಯಲ್ಲಿ ಒಂದು ವರ್ಷ 100 ಹೊಸ ರೋಗಿಗಳು. 90 ಸ್ಥಳೀಯರು, 10 ಹೊರಗಿನವರು. ಹೊರಗಿನವರ ಪಾಲು ಶೇ. 10. ಆರೋಗ್ಯ ಇಲಾಖೆ ಚೆನ್ನಾಗಿ ಕೆಲಸ ಮಾಡಿ ಹತ್ತು ವರ್ಷದಲ್ಲಿ ಸ್ಥಳೀಯರ ಸಂಖ್ಯೆ 90ರಿಂದ 10ಕ್ಕೆ ಇಳಿಯಿತು. ಹೊರಗಿನವರು ಮೊದಲಿನಷ್ಟೇ, 10. ಈಗ ಅವರ ಪಾಲು ಶೇ. 50! ಹೊರಗಿನಿಂದ ಒಬ್ಬನೂ ಹೆಚ್ಚು ಬಂದಿಲ್ಲ. ಬದಲಾಗಿದ್ದು ನಮ್ಮ ಗೆಲುವು. ಆ ಗೆಲುವನ್ನೇ ಅವರ ಮೇಲಿನ ಆರೋಪ ಮಾಡಿಬಿಡ್ತೀವಿ. ರೋಗ ಇಳಿಮುಖ ಆದ ಪ್ರತಿ ದೇಶದಲ್ಲೂ ಹೀಗೇ ಆಗಿದೆ. ನಾರ್ವೆಯಲ್ಲೂ ಸ್ಥಳೀಯ ಕುಷ್ಠ ಮುಗಿದ ಮೇಲೆ ಉಳಿದದ್ದು ಬೇರೆ ದೇಶಗಳಿಂದ ಬಂದವರ ಬೆರಳೆಣಿಕೆ ಪ್ರಕರಣಗಳೇ.

ಅಮೆರಿಕದ 1983ರ 456 ಅನ್ನೋ ಅಂಕಿಯೂ ಇಲ್ಲೇ ಅರ್ಥವಾಗುತ್ತೆ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಆಗ್ನೇಯ ಏಷ್ಯಾದಿಂದ ನಿರಾಶ್ರಿತರು ಬಹಳ ಸಂಖ್ಯೆಯಲ್ಲಿ ಬಂದ ಕಾಲ ಅದು. ಅವರಲ್ಲಿ ಕೆಲವರಿಗೆ ರೋಗ ಇತ್ತು. ಡಾಕ್ಟರು ಗುರುತಿಸಿದರು, ಮಾತ್ರೆ ಕೊಟ್ಟರು, ಸಂಖ್ಯೆ ಇಳಿಯಿತು. ಆಮೇಲೂ ಅಮೆರಿಕಕ್ಕೆ ಜನ ಬರೋದು ನಿಲ್ಲಲಿಲ್ಲ, ಕುಷ್ಠ ಮಾತ್ರ ಹರಡಲಿಲ್ಲ. ಈಚೆಗೆ ಅಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿದೆ. 2015ರಿಂದ 2020ರವರೆಗಿನ ಹೊಸ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ರೋಗ ಬಂದದ್ದು ಅಮೆರಿಕದಲ್ಲೇ. ಫ್ಲೋರಿಡಾದಲ್ಲಿ ಎಲ್ಲೂ ಹೊರಗೆ ಹೋಗದ, ತೋಟದ ಕೆಲಸ ಮಾಡೋ ಒಬ್ಬರಲ್ಲಿ ಪತ್ತೆಯಾಗಿದ್ದು 2023ರಲ್ಲಿ ಸುದ್ದಿಯಾಯ್ತು. ದಕ್ಷಿಣ ರಾಜ್ಯಗಳಲ್ಲಿ ಆರ್ಮಡಿಲೋ ಅನ್ನೋ ಚಿಪ್ಪಿನ ಪ್ರಾಣಿಯಿಂದ ಮನುಷ್ಯರಿಗೆ ಬರುತ್ತೆ ಅಂತ 2011ರಲ್ಲೇ ವಿಜ್ಞಾನಿಗಳು ತೋರಿಸಿದ್ದರು. ಎಲ್ಲರೂ ಗಡಿಯ ಕಡೆ ನೋಡ್ತಿದ್ದಾಗ ರೋಗಾಣು ಹಿತ್ತಲಲ್ಲೇ ಇತ್ತು.

ಹಾಗಾದರೆ ರೋಗವನ್ನ ಇಳಿಸಿದ್ದು ಏನು? ಬೇಲಿಯಲ್ಲ, ಔಷಧಿ. ಅದರ ಕಥೆಯಲ್ಲಿ ನಮ್ಮ ನೆಲದ್ದೂ ಒಂದು ಪಾಲಿದೆ. ಪಶ್ಚಿಮ ಘಟ್ಟದಲ್ಲಿ ಗರುಡಫಲ ಅನ್ನೋ ಮರ ಇದೆ. ಅದರ ಬೀಜದ ಎಣ್ಣೆ, ಚಾಲ್ಮೋಗ್ರಾ ಜಾತಿಯದು, ಬಹಳ ಕಾಲ ಕುಷ್ಠಕ್ಕೆ ಇದ್ದ ಒಂದೇ ಮದ್ದು. ಪೂರ್ತಿ ಗುಣ ಮಾಡ್ತಿರಲಿಲ್ಲ. 1941ರಲ್ಲಿ ಅಮೆರಿಕದ ಕಾರ್‌ವಿಲ್ ಆಸ್ಪತ್ರೆಯಲ್ಲಿ ಸಲ್ಫೋನ್ ಔಷಧಿ ಕೆಲಸ ಮಾಡಿತು. ಆಮೇಲೆ ಡ್ಯಾಪ್ಸೋನ್ ಬಂತು. ಬರ್ತಾ ಬರ್ತಾ ರೋಗಾಣು ಅದಕ್ಕೂ ಬಗ್ಗದೆ ಹೋದಾಗ 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಔಷಧಿಗಳನ್ನ ಸೇರಿಸಿ ಕೊಡೋ ಬಹುಔಷಧಿ ಚಿಕಿತ್ಸೆ ತಂದಿತು. 1995ರಿಂದ ಅದು ಜಗತ್ತಿಗೆಲ್ಲ ಉಚಿತ. ಆರು ತಿಂಗಳು ಅಥವಾ ಹನ್ನೆರಡು ತಿಂಗಳು. ಮೊದಲ ಡೋಸ್‌ಗಳಲ್ಲೇ ರೋಗಿ ಬೇರೆಯವರಿಗೆ ಹರಡೋದು ನಿಲ್ಲುತ್ತೆ.

ನಮ್ಮ ರಾಜ್ಯದಲ್ಲಿ ಈ ಕೆಲಸ ಶುರು ಮಾಡಿದವರಲ್ಲಿ ಒಬ್ಬರು ಯಾರು ಅಂತ ನೋಡಿದರೆ ಇನ್ನೊಬ್ಬ ಹೊರಗಿನವನು ಸಿಗ್ತಾನೆ. ಜರ್ಮನಿಯಿಂದ ಬಂದ ಫಾದರ್ ಆಗಸ್ಟಸ್ ಮುಲ್ಲರ್. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದವರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಲಂಡನ್‌ನವರು ಆಯೋಗ ಕಳಿಸಿದ ಅದೇ ವರ್ಷ! ಇನ್ನು ಬೆಂಗಳೂರಿನ ಸುಮನಹಳ್ಳಿ. ನಮ್ಮ ಚಾನೆಲ್‌ಗಳಿಗೆ ಸುಮನಹಳ್ಳಿ ಅಂದ್ರೆ ಫ್ಲೈಓವರ್, ಅದರ ಗುಂಡಿ, ಟ್ರಾಫಿಕ್ ಜಾಮ್. ಆದರೆ ಆ ಹೆಸರು ಬಂದದ್ದು 1970ರ ದಶಕದಲ್ಲಿ ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳ ಪುನರ್ವಸತಿಗೆ ಶುರುವಾದ ಸಂಸ್ಥೆಯಿಂದ. ಒಳ್ಳೆ ಮನಸ್ಸಿನವರ ಹಳ್ಳಿ ಅನ್ನೋ ಅರ್ಥ. ದಿನಾ ಆ ಹೆಸರು ಹೇಳ್ತೀವಿ, ಯಾರಿಗಾಗಿ ಇಟ್ಟ ಹೆಸರು ಅಂತ ನೆನೆಯಲ್ಲ.

ಮರೆತದ್ದು ನಾವು ಮಾತ್ರ ಅಲ್ಲ. 1981ರಲ್ಲಿ ಭಾರತದಲ್ಲಿ 10 ಸಾವಿರ ಜನಕ್ಕೆ ಸುಮಾರು 58 ಕುಷ್ಠರೋಗಿಗಳಿದ್ದರು. 2005ರ ಕೊನೆಗೆ ಅದು ಒಂದಕ್ಕಿಂತ ಕಡಿಮೆಯಾಯ್ತು. ಸರ್ಕಾರ ‘ನಿರ್ಮೂಲನೆ’ ಅಂತ ಘೋಷಿಸಿತು. ಇಲ್ಲೂ ಯುನಿಟ್ ಪ್ರಶ್ನೆ ಇದೆ. ಈ ಲೆಕ್ಕ ಚಿಕಿತ್ಸೆಯಲ್ಲಿರೋ ರೋಗಿಗಳದ್ದು. ವರ್ಷಗಟ್ಟಲೆ ನಡೀತಿದ್ದ ಚಿಕಿತ್ಸೆ ಆರು, ಹನ್ನೆರಡು ತಿಂಗಳಿಗೆ ಇಳಿದಾಗ ರಿಜಿಸ್ಟರ್‌ನಲ್ಲಿ ಹೆಸರುಗಳು ಬೇಗ ಬೇಗ ಕಡಿಮೆಯಾದವು. ಸಾಧನೆ ದೊಡ್ಡದೇ, ಅನುಮಾನ ಬೇಡ. ಆದರೆ ‘ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ’ ಅನ್ನೋದು ಜನರ ಕಿವಿಗೆ ‘ಇಲ್ಲವೇ ಇಲ್ಲ’ ಅಂತ ಕೇಳಿಸಿತು. ರೋಗ ಅಪರೂಪ ಆದ ಕಡೆ ಡಾಕ್ಟರ ಕಣ್ಣಿಗೂ ಅಭ್ಯಾಸ ತಪ್ಪುತ್ತೆ. ಬ್ರಿಟನ್‌ನಲ್ಲಿ ಕುಷ್ಠ ಪತ್ತೆಯಾದವರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಹುಪಾಲು ಮಂದಿಗೆ ರೋಗ ಗುರುತಿಸೋದೇ ತಡವಾಗಿತ್ತು. ತಡ ಅಂದ್ರೆ ಬರೀ ದಿನಗಳಲ್ಲ. ನರ ಸತ್ತರೆ ಬೆರಳು ಮಡಚಿಕೊಳ್ಳುತ್ತೆ, ಪಾದಕ್ಕೆ ಗಾಯ ಆದರೆ ಗೊತ್ತಾಗಲ್ಲ, ಕಣ್ಣು ಮುಚ್ಚೋಕೆ ಆಗಲ್ಲ. ಮಾತ್ರೆ ರೋಗಾಣುವನ್ನ ಕೊಲ್ಲುತ್ತೆ, ಸತ್ತ ನರವನ್ನ ವಾಪಸ್ ತರಲ್ಲ.

ಅದಕ್ಕೇ ನಾನು ಹೇಳೋದು, ವಲಸೆ ಕಾರ್ಮಿಕರ ಬಗ್ಗೆ ಮಾತೇ ಆಡಬಾರದು ಅಂತ ಅಲ್ಲ. ಆಡಬೇಕು. ಹೆಚ್ಚು ರೋಗ ಇರೋ ಜಿಲ್ಲೆಗಳಿಂದ ಬಂದವರಲ್ಲಿ ರೋಗದ ಸಾಧ್ಯತೆ ಹೆಚ್ಚು, ಅದು ಸತ್ಯ. ಹಾಗಾಗಿ ಅವರ ಶೆಡ್ಡುಗಳಿಗೆ ಆಶಾ ಕಾರ್ಯಕರ್ತೆ ಮೊದಲು ಹೋಗಬೇಕು, ಹಿಂದಿ ಬರೋರೊಬ್ಬರು ಜೊತೆಗಿರಬೇಕು. ಮಾತ್ರೆಯ ಒಂದು ಪಟ್ಟಿ 28 ದಿನಕ್ಕೆ ಬರುತ್ತೆ. ಕಂಟ್ರಾಕ್ಟರ್ ಅವನನ್ನ ಮೈಸೂರಿನಿಂದ ಹಾಸನದ ಸೈಟಿಗೆ ಕಳಿಸಿದರೆ ಮುಂದಿನ ಪಟ್ಟಿ ಹಾಸನದಲ್ಲಿ ಸಿಗಬೇಕು. ಇದು ನಡೆಯಬೇಕು ಅಂದ್ರೆ ಅವನು ಧೈರ್ಯವಾಗಿ ‘ನನಗೊಂದು ಮಚ್ಚೆ ಇದೆ’ ಅಂತ ಹೇಳಬೇಕು. ಹೇಳಿದರೆ ಕೆಲಸ ಹೋಗುತ್ತೆ, ಶೆಡ್ಡಿನಿಂದ ಹೊರಗೆ ಹಾಕ್ತಾರೆ ಅಂತ ಗೊತ್ತಿದ್ದರೆ ಯಾರು ಹೇಳ್ತಾರೆ? ಬಟ್ಟೆ ಮುಚ್ಚಿಕೊಂಡು ಓಡಾಡ್ತಾನೆ. ಆಗ ಅಪಾಯ ಅವನಿಗೂ, ಅವನ ಪಕ್ಕ ಮಲಗೋನಿಗೂ, ಅವನ ಮಗುವಿಗೂ. ನಮ್ಮ ಚಾನೆಲ್‌ಗಳ ಕಿರುಚಾಟ ಮಾಡೋ ಕೆಲಸ ಇಷ್ಟೇ, ರೋಗಿಯನ್ನ ಇನ್ನಷ್ಟು ಒಳಗೆ ತಳ್ಳೋದು.

ಇನ್ನೊಂದು ತುದಿಯಿಂದಲೂ ಒಮ್ಮೆ ನೋಡಿ. ಗಲ್ಫ್‌ಗೆ ಕೆಲಸಕ್ಕೆ ಹೋಗೋ ಮಂಗಳೂರು, ಉಡುಪಿ, ಭಟ್ಕಳದ ಹುಡುಗರು ಮೆಡಿಕಲ್ ಟೆಸ್ಟ್‌ಗೆ ನಿಲ್ತಾರಲ್ಲ, ಅಲ್ಲಿ ಅನರ್ಹ ಅನ್ನಿಸೋ ರೋಗಗಳ ಪಟ್ಟಿಯಲ್ಲಿ ಕುಷ್ಠರೋಗ ಇದೆ. ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕೋ ನನ್ನ ಎಂಜಿನಿಯರಿಂಗ್ ಗೆಳೆಯರ ವೈದ್ಯಕೀಯ ಪರೀಕ್ಷೆಯಲ್ಲೂ ಅದನ್ನ ನೋಡ್ತಾರೆ. ಅಲ್ಲಿ ಕೌಂಟರ್ ಹಿಂದೆ ಕೂತವನ ಕಣ್ಣಿಗೆ ಮೈಸೂರು, ದರ್ಭಂಗಾ ಎರಡೂ ಒಂದೇ. ಇಬ್ಬರೂ ಇಂಡಿಯಾದವರು. ವಿಜಯನಗರದಲ್ಲಿ ಮನೆ ಇದ್ದರೂ ಅಷ್ಟೇ, ಜಯಲಕ್ಷ್ಮೀಪುರದಲ್ಲಿ ಇದ್ದರೂ ಅಷ್ಟೇ. ನಮ್ಮ ಮಗನನ್ನ ಅಲ್ಲಿ ಹೇಗೆ ನೋಡಬೇಕು ಅಂತ ಬಯಸ್ತೀವೋ ಬೇರೆಯವರ ಮಗನನ್ನ ಇಲ್ಲಿ ಹಾಗೆ ನೋಡೋದು ಕಷ್ಟದ ಲೆಕ್ಕ ಅಲ್ಲ.

ಈ ಲೆಕ್ಕ ಅರ್ಥ ಮಾಡಿಕೊಂಡ ದೇಶ ಎಲ್ಲಾದರೂ ಇದೆಯಾ ಅಂತ ಕೇಳ್ತೀರಿ. 2024ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕುಷ್ಠರೋಗವನ್ನ ನಿರ್ಮೂಲನೆ ಮಾಡಿದ ಜಗತ್ತಿನ ಮೊದಲ ದೇಶ ಅಂತ ಜೋರ್ಡಾನ್‌ಗೆ ಮಾನ್ಯತೆ ಕೊಟ್ಟಿತು. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಸ್ಥಳೀಯರಲ್ಲಿ ಒಂದು ಹೊಸ ಪ್ರಕರಣವೂ ಇಲ್ಲ. ಜೋರ್ಡಾನ್ ಬಾಗಿಲು ಹಾಕಿಕೊಂಡು ಕೂತ ದೇಶ ಅಲ್ಲ. ಪ್ಯಾಲೆಸ್ಟೀನ್, ಇರಾಕ್, ಸಿರಿಯಾದಿಂದ ಬಂದ ಲಕ್ಷಾಂತರ ನಿರಾಶ್ರಿತರಿಗೆ ಜಾಗ ಕೊಟ್ಟ ಪುಟ್ಟ ದೇಶ.

ಭಾರತದ ಗುರಿ 2027ರೊಳಗೆ ಕುಷ್ಠರೋಗ ಹರಡೋದನ್ನ ನಿಲ್ಲಿಸೋದು. ಜನವರಿ 30, ಗಾಂಧೀಜಿ ತೀರಿಹೋದ ದಿನವನ್ನ ಇದಕ್ಕೆ ಆರಿಸಿಕೊಂಡಿದ್ದು ಸುಮ್ಮನೆ ಅಲ್ಲ. ಕುಷ್ಠ ಬಂದ ಪರಚುರೆ ಶಾಸ್ತ್ರಿ ಅನ್ನೋ ಸಂಸ್ಕೃತ ವಿದ್ವಾಂಸರು ಸೇವಾಗ್ರಾಮಕ್ಕೆ ಬಂದು ನಿಂತಾಗ, ಗಾಂಧೀಜಿ ಅವರನ್ನ ಆಶ್ರಮದಲ್ಲೇ ಇಟ್ಟುಕೊಂಡು ತಮ್ಮ ಕೈಯಿಂದಲೇ ಮೈ ತಿಕ್ಕಿದರು. ಆಗ ಇನ್ನೂ ಬಹುಔಷಧಿ ಚಿಕಿತ್ಸೆ ಇರಲಿಲ್ಲ. ಇವತ್ತು ನಮ್ಮನ್ನ ಅಷ್ಟು ದೊಡ್ಡ ಕೆಲಸ ಯಾರೂ ಕೇಳ್ತಿಲ್ಲ.

ಕೇಳ್ತಿರೋದು ಇಷ್ಟು. ಮೈಮೇಲೆ ತಿಳಿ ಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ, ಚುಚ್ಚಿದರೆ, ಬಿಸಿ ತಾಗಿಸಿದರೆ ಗೊತ್ತಾಗದೆ ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನೋವಿಲ್ಲ, ತುರಿಕೆ ಇಲ್ಲ ಅಂತ ಬಿಡಬೇಡಿ, ನೋವಿಲ್ಲದೆ ಇರೋದೇ ಇದರ ಗುರುತು. ಪರೀಕ್ಷೆ ಉಚಿತ, ಮಾತ್ರೆ ಉಚಿತ. ನೀವು ಮನೆ ಬಾಡಿಗೆ ಕೊಟ್ಟಿದ್ದರೆ, ಹತ್ತು ಜನಕ್ಕೆ ಕೆಲಸ ಕೊಟ್ಟಿದ್ದರೆ, ಅವರಲ್ಲಿ ಒಬ್ಬನ ಕೈಮೇಲೆ ಅಂಥ ಮಚ್ಚೆ ಕಂಡರೆ ಯಾವ ಊರು ಅಂತ ಆಮೇಲೆ ಕೇಳಿ. ಮೊದಲು ಅರ್ಧ ದಿನ ರಜಾ ಕೊಟ್ಟು ಆಸ್ಪತ್ರೆಗೆ ಕಳಿಸಿ. ವಾಪಸ್ ಬಂದಮೇಲೆ ಅವನ ಕೆಲಸ ಅವನಿಗೇ ಇರಲಿ.